ಮೋಡವಿಲ್ಲದ ದಿನದ ಅಳತೆ

ಮಳೆಯನ್ನು ಬೆಳಗ್ಗೆ ಎಂಟೂವರೆಗೆ ಅಳೆಯಬೇಕು. ಎಂಟೂ ಇಪ್ಪತ್ತಕ್ಕಲ್ಲ, ಎಂಟೂ ನಲವತ್ತಕ್ಕೂ ಅಲ್ಲ. ತಿ. ನರಸೀಪುರದ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿದ ವಾರದಲ್ಲೇ ಈ ಕೆಲಸ ನನ್ನ ತಲೆಗೆ ಬಿತ್ತು. ಯಾರಿಗೂ ಬೇಡವಾದದ್ದು ಹೊಸಬನಿಗೆ ಬರುವುದು ಎಲ್ಲ ಕಚೇರಿಗಳ ಪದ್ಧತಿ. ಕಚೇರಿಯ ಹಿಂದೆ ತಂತಿ ಬೇಲಿಯೊಳಗೆ ಒಂದು ಡಬ್ಬ, ಅದರ ಬಾಯಿಗೆ ಆಲಿಕೆ, ಒಳಗೆ ನೀರು ಸೇರುವ ಬಾಟಲಿ. ಆ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಎಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಮಳೆ ಬಾರದ ದಿನವೂ ಹೋಗಿ ನೋಡಿ ಸೊನ್ನೆ ಬರೆಯಬೇಕು. ತೊಂಬತ್ತರ ದಶಕದುದ್ದಕ್ಕೂ ನಾನು ಬರೆದವುಗಳಲ್ಲಿ ಹೆಚ್ಚಿನವು ಸೊನ್ನೆಗಳೇ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಸುತ್ತಲಿನ ಊರಿನ ಹಿರಿಯರು ಬಂದು ಬೇಲಿಗೆ ಒರಗಿ ನಿಲ್ಲುತ್ತಿದ್ದರು. ‘ಸಾ, ಒಸಿ ಕಮ್ಮಿ ಬರ್ಕೊಳಿ ಸಾ. ಬರ ಬಂದದೆ ಅಂತ ಸರ್ಕಾರ ಒಪ್ಕೊಂಡ್ರೆ ನಾಕು ಜನಕ್ಕೆ ಒಳ್ಳೇದಾಯ್ತದೆ’ ಎಂದು ಕೇಳುತ್ತಿದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು, ನನ್ನಲ್ಲಿ ಹಟವಿತ್ತು. ಬಿದ್ದಷ್ಟನ್ನೇ ಬರೆಯುತ್ತೇನೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ಸೊನ್ನೆ ಸಾಹೇಬ ಎಂದು ಕರೆಯುತ್ತಿದ್ದರಂತೆ. ಕೇಳಿ ಸಿಟ್ಟು ಬಂದಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ನನಗೆ ಒಬ್ಬಳೇ ಮಗಳು. ಆರು ವರ್ಷದವಳಾಗಿದ್ದಾಗ ಸ್ಕೂಲಿಗೆ ಹೋಗುವ ಮೊದಲು ನನ್ನ ಜೊತೆ ಡಬ್ಬದ ಹತ್ತಿರ ಬರುತ್ತಿದ್ದಳು. ಲೋಟ ಹಿಡಿದುಕೊಳ್ಳುವುದು ಅವಳ ಕೆಲಸ. ಒಂದು ಬೇಸಿಗೆಯ ಬೆಳಗ್ಗೆ ಬಾಟಲಿಯನ್ನು ತೆಗೆದರೆ ಒಳಗೆ ನೀರು! ಹನ್ನೊಂದು ಮಿಲಿಮೀಟರ್‌ಗೆ ಹತ್ತಿರ. ನೆಲ ನೋಡಿದೆ, ಧೂಳು ಹಾರುತ್ತಿತ್ತು. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಅವಳ ಹೆಗಲಿನ ನೀರಿನ ಬಾಟಲಿ ಖಾಲಿಯಾಗಿತ್ತು. ಸರ್ಕಾರದ ಡಬ್ಬಕ್ಕೆ ಕೈ ಹಾಕುತ್ತೀಯಾ, ಸುಳ್ಳು ಅಳತೆ ಬರೆಸುತ್ತೀಯಾ ಎಂದು ಕೆನ್ನೆಗೆ ಒಂದು ಬಿಟ್ಟೆ. ಅವಳು ಅಳುತ್ತಲೇ, ‘ನೀನು ದಿನಾ ಸೊನ್ನೆ ಬರೀತೀಯಲ್ಲ, ಪಾಪ ಅಂತ ಆಕ್ದೆ’ ಎಂದಳು. ನೀರನ್ನು ನೆಲಕ್ಕೆ ಚೆಲ್ಲಿ ಪುಸ್ತಕದಲ್ಲಿ ಸೊನ್ನೆ ಬರೆದೆ. ಅವಳ ಕೆನ್ನೆಯ ಮೇಲೆ ನನ್ನ ಬೆರಳು ಮೂಡಿದ್ದನ್ನು ನೋಡಿಯೂ ಕ್ಷಮೆ ಕೇಳಲಿಲ್ಲ. ಆಗ ನನಗೆ ನಾನು ಮಾಡಿದ್ದೇ ಸರಿ.

ಆ ಕಾಲದಲ್ಲೇ ನಾವು ದೀಕ್ಷೆ ತೆಗೆದುಕೊಂಡು ಬುದ್ಧನ ದಾರಿಗೆ ಬಂದೆವು. ಹರಕೆ, ಮುಡಿಪು, ಕಣಿ, ಶಾಂತಿ ಎಲ್ಲವನ್ನೂ ಬಿಡುತ್ತೇನೆ ಎಂದು ಎಲ್ಲರ ಎದುರು ಮಾತು ಕೊಟ್ಟು ಬಂದವನು ನಾನು. ನನ್ನ ಹೆಂಡತಿಯೂ ಪಕ್ಕದಲ್ಲಿ ನಿಂತು ಅದೇ ಮಾತನ್ನು ಹೇಳಿದಳು. ಅವಳು ಹೆಮ್ಮರಗಾಲದವಳು. ಕಷ್ಟ ಎಂದರೆ ನಂಜನಗೂಡಿನ ಕಡೆ ತಿರುಗಿ ಕೈಮುಗಿಯುವ ಮನೆಯಲ್ಲಿ ಬೆಳೆದವಳು. ಬಾಯಲ್ಲಿ ಹೇಳಿದಳು, ಮನಸ್ಸಿನಲ್ಲಿ ನಂಜುಂಡನಿಗೆ ಒಂದು ಮೂಲೆ ಬಿಟ್ಟುಕೊಂಡಳು. ನನಗೆ ಗೊತ್ತಿತ್ತು. ಜಗಳಕ್ಕೆ ಕಾರಣ ಬೇಕಾದಾಗ ಎತ್ತಿಕೊಳ್ಳಬಹುದೆಂದು ಸುಮ್ಮನಿದ್ದೆ.

ಅವಳ ಇನ್ನೊಂದು ದೇವರು ಮಗಳ ಜಡೆ. ಭಾನುವಾರ ಬಂತೆಂದರೆ ಹರಳೆಣ್ಣೆ, ಸೀಗೆಕಾಯಿ, ಬಿಸಿಲಿನಲ್ಲಿ ಮಣೆ. ಕೂದಲು ಸೊಂಟ ದಾಟಿ ಬಂದ ಮೇಲೆ ಅವಳು ಅದನ್ನು ಬಾಚುವಾಗ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಓದಿನಲ್ಲಿ ಮಗಳು ಹಾಗೂ ಅಲ್ಲ ಹೀಗೂ ಅಲ್ಲ. ಆದರೆ ಎತ್ತರವಾಗಿ ಬೆಳೆದಳು, ಹೆದರದೆ ಮಾತಾಡುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು, ನನಗೆ ನಂಜನಗೂಡಿಗೆ ವರ್ಗವಾಗಿತ್ತು, ಅಲ್ಲೂ ಮಳೆ ಡಬ್ಬ ನನ್ನ ಪಾಲಿಗೇ ಬಂದಿತ್ತು. ಎಲ್ಲೆಲ್ಲೂ ವಿಮಾನದ ಮಾತು. ಮೈಸೂರಿನಲ್ಲಿ ಗಗನಸಖಿ ತರಬೇತಿಯ ಬೋರ್ಡುಗಳು ಎದ್ದಿದ್ದವು. ಅವಳು ನಮಗೆ ಹೇಳದೆ ಅರ್ಜಿ ಹಾಕಿ, ಆಯ್ಕೆಯಾದ ಮೇಲೆ ಹೇಳಿದಳು. ಕೆಲಸಕ್ಕೆ ಸೇರಿ ಮೊದಲ ಬಾರಿ ಮನೆಗೆ ಬಂದಾಗ ಆ ಜಡೆಯೆಲ್ಲ ಬಲೆಯೊಳಗೆ ಸೇರಿ ಕತ್ತಿನ ಮೇಲೆ ಗುಂಡಗೆ ಕೂತಿತ್ತು. ಒಂದು ಎಳೆಯೂ ಆಚೆ ಬರುವ ಹಾಗಿಲ್ಲವಂತೆ. ‘ಇಷ್ಟುದ್ದ ಬೆಳ್ಸಿದ್ದು ಗಂಟಾಕಕಾ?’ ಎಂದು ಅವಳವ್ವ ಗೊಣಗಿದಳು.

ಒಂದು ವರ್ಷ ಕಳೆದ ಮೇಲೆ ಮಗಳು ಕಂಪನಿಯಿಂದ ತನ್ನ ಪಾಲಿಗೆ ಬರುವ ಟಿಕೆಟಿನಲ್ಲಿ ನಮ್ಮಿಬ್ಬರನ್ನೂ ದೆಹಲಿಗೆ ಕರೆದುಕೊಂಡು ಹೋದಳು. ಅವಳೇ ಕೆಲಸ ಮಾಡುತ್ತಿದ್ದ ವಿಮಾನ. ನನಗೆ ಕಿಟಕಿ ಸೀಟು. ಅರ್ಧ ದಾರಿಯವರೆಗೆ ನಾನು ಮೇಲಿನಿಂದ ಮೋಡ ನೋಡಿ ಪಂಡಿತನಂತೆ ಹೆಂಡತಿಗೆ ವಿವರಿಸುತ್ತಿದ್ದೆ. ಇದು ಸುರಿಯುವ ಮೋಡ, ಇದು ಬರೀ ಶೋಕಿ ಮೋಡ ಎಂದೆಲ್ಲ. ಆಮೇಲೆ ಮೋಡಗಳು ಮುಗಿದವು. ಬರೀ ನೀಲಿ. ಇನ್ನು ಸುಖ ಎಂದುಕೊಳ್ಳುವಷ್ಟರಲ್ಲಿ ವಿಮಾನ ದಡಕ್ಕೆಂದು ಕೆಳಗೆ ಬಿತ್ತು. ಎತ್ತಿತು, ಮತ್ತೆ ಬಿತ್ತು. ನನ್ನ ಕಾಫಿ ಅಂಗಿಯ ಮೇಲೆ ಬಂತು. ನರಸೀಪುರದ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬೆನ್ನು ಮುರಿಸಿಕೊಂಡವನು ನಾನು. ಅಲ್ಲಿ ಗುಂಡಿ ಕಾಣುತ್ತದೆ, ಡ್ರೈವರನಿಗೆ ಬೈಯಬಹುದು. ಇಲ್ಲಿ ಕಿಟಕಿಯಾಚೆ ಏನೂ ಇರಲಿಲ್ಲ.

ಮಗಳು ಕಾಫಿ ಗಾಡಿಯನ್ನು ತಳ್ಳಿಕೊಂಡು, ಸೀಟುಗಳ ತಲೆ ಹಿಡಿದುಕೊಂಡು ಹಿಂದಕ್ಕೆ ಹೋಗುತ್ತಿದ್ದಳು. ನಮ್ಮನ್ನು ನೋಡಿ ನಕ್ಕಳು. ಅದು ಮನೆಯಲ್ಲಿ ನಗುವ ನಗು ಅಲ್ಲ, ತರಬೇತಿಯಲ್ಲಿ ಕಲಿತದ್ದು. ಅದನ್ನು ನೋಡಿದ್ದೇ ನನ್ನ ಹೆಂಡತಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂಗಿದಳು: ‘ಯಪ್ಪಾ ನಂಜುಂಡಪ್ಪಾ, ಎಲ್ಲಾರ್ನೂ ನೆಲ ಮುಟ್ಟುಸ್ಬುಡಪ್ಪಾ, ನನ್ ಮಗಳ ಇಡೀ ಮುಡಿ ನಿಂಗೇ ಕೊಟ್ಬುಡ್ತೀನಿ!’

ಅರ್ಧ ವಿಮಾನ ತಿರುಗಿ ನೋಡಿತು. ಸ್ವಲ್ಪ ಹೊತ್ತಿಗೆ ಕುಲುಕಾಟ ನಿಂತಿತು. ಅವಳು ನನ್ನ ಕಡೆ ನೋಡಿದ ನೋಟದಲ್ಲಿ ಗೆದ್ದ ಕಳೆಯಿತ್ತು.

ದೆಹಲಿಯಲ್ಲಿ ಏನು ನೋಡಿದೆವೋ ನೆನಪಿಲ್ಲ, ಜಗಳ ಮಾತ್ರ ನೆನಪಿದೆ. ‘ಅಲ್ಲ ಕಣೇ, ಹರಕೆ ಹೊತ್ತಿದ್ದೇ ತಪ್ಪು. ಹೊತ್ರೂ ನಿನ್ನ ತಲೆ ಇರ್ಲಿಲ್ವಾ?’ ಎಂದೆ.

‘ನನ್ ತಲೇಲಿ ಏನದೆ ಅಂತ ಕೊಡ್ಲಿ? ಇಲಿ ಬಾಲ. ಕೊಟ್ರೆ ಚೆಂದಾಗಿರದ್ನೇ ಕೊಡ್ಬೇಕು ಕಣ್ರೀ.’

‘ದೀಕ್ಷೆ ತಗೊಂಡಾಗ ಏನು ಹೇಳ್ದೆ, ನೆನಪದಾ?’

‘ನೆನ್ಪದೆ. ನಿಮ್ ಬುದ್ಧನ ಬಿಕ್ಕುಗಳೂ ತಲೆ ಬೋಳಿಸ್ಕತಾರಲ್ಲ, ಅದೂ ನೆನ್ಪದೆ.’

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಅವ್ವಾ, ಬೋಳು ತಲೇಲಿ ಕಾಫಿ ಕೊಟ್ರೆ ಪ್ಯಾಸೆಂಜರ್ಸು ಅಲ್ಲೇ ಇಳ್ದು ಓಡೋಗ್ತಾರೆ’ ಎಂದಳು. ಮುಡಿ ಕೊಟ್ಟರೆ ಕೆಲಸ ಹೋಗುತ್ತಿತ್ತು, ಅದು ನಿಜ. ತುದಿಯಲ್ಲಿ ಒಂದು ಗೇಣು ಕತ್ತರಿಸಿ ಕೊಡೋಣ ಎಂದು ಮಗಳೇ ಒಂದು ದಾರಿ ಹೇಳಿದಳು. ಅವಳವ್ವ ಒಪ್ಪಲಿಲ್ಲ. ‘ಇಡೀ ಮುಡಿ ಅಂತ ಅಂದ್ಬುಟ್ಟಿವ್ನಿ. ಆಡಿದ್ ಮಾತು ಅವನಿಗೆ ಕೇಳಿಸದೆ’ ಎಂದಳು. ಹಾಗಾದರೆ ಯಾರೂ ಏನೂ ಕೊಡುವುದು ಬೇಡ ಎಂದು ನಾನು ತೀರ್ಪು ಕೊಟ್ಟೆ. ಮನೆಗೆ ಬಂದ ಮೇಲೆ ಹೆಂಡತಿ ಅರಿಸಿನ ಬಟ್ಟೆಯಲ್ಲಿ ಮುಡಿಪಿನ ಒಂದು ಕಾಸು ಕಟ್ಟಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಕಂಡೂ ಕಾಣದಂತೆ ಇದ್ದೆ.

ಅಂದಿನಿಂದ ನಮ್ಮ ಮನೆಯಲ್ಲಿ ಕುಲುಕಾಟ ಒಂದು ಕಾಯಿಲೆಯ ಹಾಗೆ ಸೇರಿಕೊಂಡಿತು. ಮಗಳು ಫೋನ್ ಮಾಡಿದರೆ ಅವಳವ್ವನ ಮೊದಲ ಪ್ರಶ್ನೆ: ‘ಇವತ್ತು ಅಲ್ಲಾಡ್ತಾ?’ ಇಲ್ಲ ಎನ್ನುತ್ತಿದ್ದಳು ಮಗಳು. ಆಮೇಲೆ ನಾನು ಫೋನ್ ತೆಗೆದುಕೊಂಡು ಜಗುಲಿಗೆ ಹೋದರೆ ನಿಜ ಹೇಳುತ್ತಿದ್ದಳು. ಅಲ್ಲಾಡಿತ್ತು. ಹೋದ ವಾರವೂ ಅಲ್ಲಾಡಿತ್ತು. ಅವಳಿಗೆ ಅದು ಉದ್ಯೋಗದ ಒಂದು ಭಾಗ. ನನಗೆ ಅದೊಂದು ಅಳತೆ, ಅಳೆಯಲಾಗದ ಅಳತೆ.

ಒಂದು ದಿನ ಕೇಳಿದೆ: ‘ಮುಂದೆ ಏನದೆ ಅಂತ ತೋರ್ಸಕೆ ವಿಮಾನದಲ್ಲಿ ಯಂತ್ರ ಇಲ್ವಾ?’

‘ಅದೆ ಕಣಪ್ಪಾ. ಆದ್ರೆ ಅದು ಮೋಡದಲ್ಲಿರೋ ನೀರನ್ನ ನೋಡ್ತದಂತೆ. ನೀರಿಲ್ಲದ ಗಾಳಿ ಅದಕ್ಕೆ ಕಾಣಲ್ವಂತೆ. ಇದು ಬರೀ ಗಾಳಿ.’

ಅಷ್ಟು ದೊಡ್ಡ ಯಂತ್ರಕ್ಕೂ ನನ್ನ ಡಬ್ಬಕ್ಕೂ ಇದ್ದ ಕಣ್ಣು ಒಂದೇ. ನೀರಿದ್ದರೆ ಗೊತ್ತು, ಇಲ್ಲದಿದ್ದರೆ ಸೊನ್ನೆ.

ಆಗ ಪತ್ರಿಕೆಗಳಲ್ಲಿ ಭೂಮಿ ಬಿಸಿಯಾಗುತ್ತಿರುವ ವಿಷಯ ಬರಲು ಶುರುವಾಗಿತ್ತು. ನಾನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಹಿಮ ಕರಗುವುದು, ಸಮುದ್ರ ಏರುವುದು ಎಲ್ಲ ಇರುತ್ತಿತ್ತು, ವಿಮಾನ ಕುಲುಕುವ ಬಗ್ಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಮಗಳ ಜೊತೆಗಿದ್ದ ಒಬ್ಬ ಹಿರಿಯ ಪೈಲಟ್ ಹೇಳಿದ್ದರಂತೆ: ನಾನು ಹಾರಲು ಶುರು ಮಾಡಿದಾಗ ಈ ದಾರಿ ಇಷ್ಟು ಒರಟಾಗಿರಲಿಲ್ಲ, ಬಿಸಿ ಹೆಚ್ಚಿ ಮೇಲಿನ ಗಾಳಿ ಕೆಟ್ಟಿದೆ. ಇನ್ನೊಬ್ಬ ಕಿರಿಯ ಪೈಲಟ್ ಇದನ್ನು ಕೇಳಿ ನಕ್ಕರಂತೆ: ವಯಸ್ಸಾದವರಿಗೆ ಎಲ್ಲ ರಸ್ತೆಯೂ ಕೆಟ್ಟದ್ದೇ, ವಿಮಾನ ಹೆಚ್ಚಾಗಿವೆ, ಅದಕ್ಕೆ ಸುದ್ದಿಯೂ ಹೆಚ್ಚು. ಮಗಳು ಇಬ್ಬರ ಮಾತನ್ನೂ ತಮಾಷೆಯಾಗಿ ಹೇಳಿದಳು. ನಾನು ಇಬ್ಬರನ್ನೂ ನಂಬಿದೆ. ಬೆಳಗ್ಗೆ ಒಬ್ಬರನ್ನು, ಸಂಜೆ ಇನ್ನೊಬ್ಬರನ್ನು.

ನನ್ನ ಪುಸ್ತಕಗಳನ್ನೂ ತಿರುವಿ ಹಾಕಿದೆ. ಮೊದಲೆಲ್ಲ ಹಸ್ತ, ಚಿತ್ತೆ ಮಳೆ ಹಿಡಿದರೆ ದಿನಗಟ್ಟಲೆ ಜಿನುಗುತ್ತಿತ್ತು ಎಂದು ನನ್ನ ನೆನಪು. ಈಗೀಗ ಒಂದೇ ಸಂಜೆ ರಪರಪನೆ ಬಿದ್ದು ಮುಗಿದುಹೋಗುತ್ತಿದೆ ಎಂದೂ ನನ್ನ ಅನಿಸಿಕೆ. ಪುಸ್ತಕ ನೋಡಿದರೆ ಕೆಲವು ವರ್ಷ ಹಾಗೆ, ಕೆಲವು ವರ್ಷ ಹೀಗೆ. ವರ್ಷಕ್ಕೊಮ್ಮೆ ಡಬ್ಬದ ತಪಾಸಣೆಗೆ ಬರುತ್ತಿದ್ದ ಅಧಿಕಾರಿಯನ್ನು ಹಿಡಿದು ಕೇಳಿದೆ. ಆಕಾಶ ಬದಲಾಗಿದೆಯೋ ಇಲ್ಲವೋ, ಒಂದು ಮಾತು ಹೇಳಿ ಸಾರ್ ಎಂದೆ. ಅವರು ಒಳ್ಳೆಯವರು. ನನ್ನ ಪುಸ್ತಕ ನೋಡಿ, ಅಕ್ಷರ ಬಹಳ ಚೆನ್ನಾಗಿದೆ ಎಂದರು.

‘ಮೂವತ್ತು ವರ್ಷದ ಅಳತೆ ಬೇಕು ಕಣ್ರೀ. ಅದೂ ಒಂದು ಕಡೆದಲ್ಲ, ನೂರಾರು ಕಡೆದು. ನಿಮ್ಮ ಒಂದು ಡಬ್ಬ ನೋಡ್ಕೊಂಡು ಹೇಳೋಕಾಗಲ್ಲ.’

‘ಮೇಲಿನ ಗಾಳಿ ಸಾರ್? ವಿಮಾನ ಹೋಗೋ ಕಡೇದು?’

‘ಅದು ನಂಗೂ ಗೊತ್ತಿಲ್ಲ. ಯಾಕೆ, ವಿಮಾನ ಹತ್ತೋದಿದ್ಯಾ?’

ಮಗಳು ಹತ್ತುತ್ತಾಳೆ, ದಿನಾ ಹತ್ತುತ್ತಾಳೆ ಎಂದೆ. ಅವರು ಆಲಿಕೆ ಸ್ವಲ್ಪ ವಾಲಿದೆ, ನೆಟ್ಟಗೆ ಮಾಡಿಸಿ ಎಂದು ಬರೆದು ಹೋದರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಹೆಂಡತಿಯ ಹರಕೆಯನ್ನು ಆಡಿಕೊಳ್ಳುತ್ತಿದ್ದೆನಲ್ಲ, ಒಳಗೆ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಭಯ ಬಂದರೆ ಅದನ್ನು ಒಯ್ದು ಇಡಲು ಅವಳಿಗೊಂದು ಜಾಗವಿತ್ತು. ನಾನು ಆ ಬಾಗಿಲನ್ನು ನಾನೇ ಹಾಕಿಕೊಂಡು ಬಂದಿದ್ದೆ. ಹಾಕಿದ್ದು ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ವಿಜ್ಞಾನ ಕೈಹಿಡಿಯುತ್ತದೆ ಎಂದುಕೊಂಡಿದ್ದವನಿಗೆ ವಿಜ್ಞಾನ ಮೂವತ್ತು ವರ್ಷ ಕಾಯು ಎಂದಿತು.

ಆ ಚಳಿಗಾಲದ ಒಂದು ಬೆಳಗ್ಗೆ, ಅಳತೆ ಮುಗಿಸಿ ಸೊನ್ನೆ ಬರೆದು ಕುರ್ಚಿಯಲ್ಲಿ ಕೂತಿದ್ದೆ. ಕಚೇರಿಗೆ ಫೋನ್ ಬಂತು. ದೆಹಲಿಯಿಂದ, ಮಗಳ ಜೊತೆ ಕೆಲಸ ಮಾಡುವ ಹುಡುಗಿ. ಹಿಂದಿ, ಇಂಗ್ಲಿಷು ಎರಡನ್ನೂ ಕಲಸಿ ಬೇಗ ಬೇಗ ಹೇಳಿದಳು. ಹಿಂದಿನ ಸಂಜೆ ಹಾರುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಕೆಳಕ್ಕೆ ಕುಸಿದು ಮತ್ತೆ ಎದ್ದಿತ್ತು. ನನ್ನ ಮಗಳು ಮೇಲಕ್ಕೆ ಹಾರಿ, ಚಾವಣಿಗೆ ತಲೆ ಬಡಿದುಕೊಂಡು, ಕೆಳಗೆ ಬೀಳುವಾಗ ಕಾಫಿ ಗಾಡಿಯ ಅಂಚಿಗೆ ಇನ್ನೊಮ್ಮೆ ಬಡಿದುಕೊಂಡಿದ್ದಳು. ಜೀವಕ್ಕೆ ಅಪಾಯವಿಲ್ಲ ಅಂಕಲ್, ತಲೆ ಬೋಳಿಸಿ ಹೊಲಿಗೆ ಹಾಕಿದ್ದಾರೆ ಎಂದಳು.

ಮನೆಗೆ ಓಡಿದೆ. ಹೆಂಡತಿ ರಾಗಿ ಕೇರುತ್ತಿದ್ದಳು. ನಾನು ಹೇಳಿದ್ದರಲ್ಲಿ ಅವಳಿಗೆ ಕೇಳಿಸಿದ್ದು ತಲೆ ಬೋಳಿಸಿದ್ದು ಒಂದೇ. ಮೊರ ಪಕ್ಕಕ್ಕಿಟ್ಟಳು. ‘ತಗೊಂಡ’ ಎಂದಳು. ಅಳಲಿಲ್ಲ.

ಬೇಗ ಹೋಗಬೇಕೆಂದರೆ ವಿಮಾನದಲ್ಲೇ ಹೋಗಬೇಕು. ಮತ್ತೆ ಅದೇ ದಾರಿ. ನಾನು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು ಕೂತಿದ್ದೆ. ವಿಮಾನ ಒಂದು ಸಲವೂ ಅಲ್ಲಾಡಲಿಲ್ಲ. ಮುಂದಿಟ್ಟಿದ್ದ ಲೋಟದ ನೀರು ಕದಲಲಿಲ್ಲ. ನನ್ನ ಹೆಂಡತಿ ಆ ಲೋಟವನ್ನೇ ನೋಡುತ್ತಾ ಬಂದಳು.

ಆಸ್ಪತ್ರೆಯಲ್ಲಿ ಮಗಳು ಬಿಳಿ ಬಟ್ಟೆ ಸುತ್ತಿದ ತಲೆ ಎತ್ತಿ ನಮ್ಮನ್ನು ನೋಡಿ ನಕ್ಕಳು. ಈ ಸಲ ಮನೆಯ ನಗು. ‘ಮೋಡ ಇರ್ಲಿಲ್ಲ ಕಣಪ್ಪಾ’ ಎಂದು ಮೊದಲು ನನಗೇ ಹೇಳಿದಳು, ವರದಿ ಒಪ್ಪಿಸುವವಳಂತೆ. ‘ಬೆಲ್ಟ್ ದೀಪಾನೂ ಹತ್ತಿರ್ಲಿಲ್ಲ. ಒಬ್ರು ಅಜ್ಜಿ ಬೆಲ್ಟ್ ಬಿಚ್ಕೊಂಡು ಕೂತಿದ್ರು, ಕಟ್ಕೊಳಿ ಅಂತ ಬಗ್ಗಿ ಹೇಳ್ತಿದ್ದೆ. ಆಮೇಲೆ ಗೊತ್ತಿಲ್ಲ.’ ಆ ಅಜ್ಜಿಗೆ ಏನೂ ಆಗಿರಲಿಲ್ಲವಂತೆ. ಅದು ಅವಳಿಗೆ ಸಮಾಧಾನ. ನನಗೆ ಆ ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ.

ನರ್ಸ್ ಜಡೆಯನ್ನು ಹಾಗೇ ಕತ್ತರಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಳು. ತಾಯಂದಿರು ಕೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತೇನೋ. ಒಂದು ಕಡೆ ರಕ್ತ ಒಣಗಿ ಕೂದಲು ಅಂಟಿಕೊಂಡಿತ್ತು. ನನ್ನ ಹೆಂಡತಿ ಆ ಕವರನ್ನು ಸೆರಗಿನಲ್ಲಿ ಸುತ್ತಿ ಊರಿನವರೆಗೆ ತಂದಳು.

ಮಗಳನ್ನು ಕರೆದುಕೊಂಡು ನಂಜನಗೂಡಿಗೆ ಬಂದ ಮೂರನೆಯ ದಿನ ಹೆಂಡತಿ ಕಪಿಲೆಗೆ ಹೊರಟಳು. ‘ನೀವ್ ಬರ್ಬೇಡಿ, ನಿಮಗ್ ಆಗ್ಬರಲ್ಲ’ ಎಂದಳು. ನಾನು ಹೋದೆ. ಸ್ನಾನಘಟ್ಟದಲ್ಲಿ ತಲೆ ಬೋಳಿಸಿಕೊಂಡ ಮಕ್ಕಳು ಗಂಧ ಬಳಿಸಿಕೊಂಡು ಓಡಾಡುತ್ತಿದ್ದರು. ಅವಳು ಮೊಣಕಾಲು ಮಟ್ಟದ ನೀರಿಗಿಳಿದು ಜಡೆಯನ್ನು ಬಿಟ್ಟಳು. ಅದು ಸ್ವಲ್ಪ ದೂರ ತೇಲಿ ಹೋಗಿ ಮುಳುಗಿತು. ಆಮೇಲೆ ಅರಿಸಿನ ಬಟ್ಟೆಯ ಕಾಸನ್ನು ಹುಂಡಿಗೆ ಹಾಕಿ ಬಂದಳು. ಅಷ್ಟು ಹೊತ್ತೂ ನಾನು ಮೆಟ್ಟಿಲ ಮೇಲೆ ಅವಳ ಚಪ್ಪಲಿ ಕಾಯುತ್ತಾ ನಿಂತಿದ್ದೆ.

‘ಮುಗೀತು ಕಣ್ರೀ. ಅಂದಿದ್ದು ಕೊಡ್ಲಿಲ್ಲ, ಅವನೇ ಬಂದು ತಗೊಂಡ. ಇನ್ ಅವಳಿಗೇನೂ ಆಗಲ್ಲ’ ಎಂದಳು. ಮುಖದಲ್ಲಿ ಎರಡು ವರ್ಷದಿಂದ ಇಲ್ಲದಿದ್ದ ನೆಮ್ಮದಿ ಇತ್ತು.

ನನಗೆ ಕೂಗಬೇಕೆನಿಸಿತು. ಒಂದು ಜಡೆಗಾಗಿ ಹುಡುಗಿಯ ತಲೆ ಒಡೆಯುವವನು ದೇವರೇನೇ? ಅದು ಗಾಳಿ ಕಣೇ, ಅದಕ್ಕೆ ನಿನ್ನ ಹರಕೆ ಕೇಳಿಸುವುದಿಲ್ಲ, ನನ್ನ ದೀಕ್ಷೆಯೂ ಕೇಳಿಸುವುದಿಲ್ಲ ಎಂದು. ಕೂಗದೆ ಅವಳ ಚಪ್ಪಲಿಯನ್ನು ಕಾಲ ಹತ್ತಿರ ಇಟ್ಟೆ. ಗಾಳಿ ಎಂದು ಸಾಬೀತು ಮಾಡಿದರೆ ಆಗುವುದೇನು? ದೇವರಾದರೆ ಒಮ್ಮೆ ತೆಗೆದುಕೊಂಡು ಸುಮ್ಮನಾಗುತ್ತಾನೆ. ಗಾಳಿ ನಾಳೆಯೂ ಇರುತ್ತದೆ. ಬಿಸಿ ಏರುತ್ತಾ ಹೋದರೆ ಅದೂ ಏರುತ್ತದೋ ಏನೋ. ಹೆಂಡತಿಯ ಭಯ ಆ ದಿನ ನದಿಯಲ್ಲಿ ಹೋಯಿತು, ನನ್ನದು ನನ್ನ ಜೊತೆ ಮನೆಗೆ ಬಂತು.

ಗಾಯ ಮೂರು ತಿಂಗಳಿಗೆ ಒಣಗಿತು. ತಲೆ ಸುತ್ತುವುದೂ ನಿಂತಿತು. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದು ಬರೆದುಕೊಟ್ಟರು. ಉಳಿದದ್ದು ಕೂದಲು. ಬಾಚಿ ಒಪ್ಪವಾಗಿ ಕೂರಿಸುವಷ್ಟಾದರೂ ಬೆಳೆಯಬೇಕು, ಗಾಯದ ಗುರುತು ಮುಚ್ಚಬೇಕು, ಅಲ್ಲಿಯವರೆಗೆ ವಿಮಾನ ಹತ್ತುವ ಹಾಗಿಲ್ಲ. ಅಂದಾಜು ನಾಲ್ಕಿಂಚು ಎಂದಳು ಮಗಳು.

‘ನಾಲ್ಕಿಂಚು ಅಂದ್ರೆ ನೂರು ಮಿಲಿಮೀಟರ್’ ಎಂದೆ. ಅಭ್ಯಾಸಬಲ.

‘ಹಂಗಾದ್ರೆ ನೀನೇ ಅಳಿ. ನಿನ್ ಕೆಲ್ಸ ಅದು’ ಎಂದು ನಕ್ಕಳು.

ಹೀಗೆ ಶುರುವಾಯಿತು. ಪ್ರತಿ ಭಾನುವಾರ ಬೆಳಗ್ಗೆ ಎಂಟೂವರೆಗೆ ಡಬ್ಬ ನೋಡಿಕೊಂಡು ನಾನು ಮನೆಗೆ ಬರುವ ಹೊತ್ತಿಗೆ, ಸರಿಯಾಗಿ ಒಂಬತ್ತಕ್ಕೆ, ಅವಳು ಹಿತ್ತಿಲ ಬಿಸಿಲಿನಲ್ಲಿ ಅದೇ ಮಣೆಯ ಮೇಲೆ ಕೂರುತ್ತಿದ್ದಳು. ನಾನು ಸ್ಟೀಲ್ ಸ್ಕೇಲನ್ನು ನೆತ್ತಿಗೆ ಒತ್ತಿ, ಒಂದು ಎಳೆಯನ್ನು ನೇರ ಮಾಡಿ, ಬಗ್ಗಿ ಓದುತ್ತಿದ್ದೆ. ತುಂಬಿಹೋದ ಒಂದು ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದೆ. ವಾರಕ್ಕೆ ಎರಡು, ಮೂರು ಮಿಲಿಮೀಟರ್. ಬೆಳೆದದ್ದನ್ನು ಕೇಳಿ ಅವಳವ್ವ ಒಳಗಿನಿಂದ ಖುಷಿಪಡುತ್ತಿದ್ದಳು, ಎಣ್ಣೆ ಹಚ್ಚಲೇ ಎಂದು ಕೇಳುತ್ತಿದ್ದಳು. ನೆತ್ತಿಯ ಬಲಕ್ಕೆ ಹೊಲಿಗೆಯ ಗೆರೆ ಇತ್ತು. ಸ್ಕೇಲು ಅಲ್ಲಿಗೆ ತಾಗದಂತೆ ನೋಡಿಕೊಳ್ಳುತ್ತಿದ್ದೆ.

ಆ ತಿಂಗಳುಗಳು ನನ್ನ ಜೀವನದ ಅತಿ ಸುಖದ ದಿನಗಳು ಎಂದು ಹೇಳಿದರೆ ತಪ್ಪಾಗುತ್ತದೆ, ಆದರೂ ಹೌದು. ಅವಳು ನೆಲದ ಮೇಲಿದ್ದಳು. ಬೆಳಗ್ಗೆ ಎದ್ದರೆ ಅವಳ ಕೆಮ್ಮು ಕೇಳಿಸುತ್ತಿತ್ತು. ಬೇರೆ ಕೆಲಸ ಹುಡುಕೋಣ, ಇಲ್ಲೇ ಕಾರ್ಖಾನೆಗಳಿವೆ, ಸುತ್ತೂರಿನ ಕಡೆ ಸ್ಕೂಲುಗಳಿವೆ ಎಂದು ಒಮ್ಮೆ ಬಾಯಿಬಿಟ್ಟೆ. ‘ನಂಗೆ ಅದೇ ಇಷ್ಟ ಕಣಪ್ಪಾ. ಮೇಲಕ್ಕೆ ಹೋದ್ಮೇಲೆ ನನ್ನ ಯಾರೂ ಯಾವೂರು, ಯಾರ ಪೈಕಿ ಅಂತ ಕೇಳಲ್ಲ’ ಎಂದಳು. ಅವಳು ಮೊದಲೇ ಹೇಳಬೇಕಾಗಿದ್ದ ಮಾತು ಅದು, ನಾನು ಮೊದಲೇ ಅರ್ಥಮಾಡಿಕೊಳ್ಳಬೇಕಾಗಿದ್ದ ಮಾತು. ಅದರ ಮುಂದೆ ನನ್ನ ಭಯಕ್ಕೆ ಯಾವ ಯೋಗ್ಯತೆ?

ಅಳತೆ ತೊಂಬತ್ತು ದಾಟಿದ ಭಾನುವಾರ ಎರಡೆರಡು ಸಲ ಓದಿ ನೋಡಿದೆ. ತೊಂಬತ್ತೆರಡು. ಮುಂದಿನ ವಾರ ಸ್ಕೇಲಿನಲ್ಲಿ ತೊಂಬತ್ತೈದು ಕಂಡಿತು. ‘ತೊಂಬತ್ಮೂರು’ ಎಂದೆ. ಹಾಗೇ ಬರೆದೆ, ಸಹಿಯನ್ನೂ ಹಾಕಿದೆ. ಇಷ್ಟು ವರ್ಷಗಳಲ್ಲಿ ಊರಿನವರು ಕೈಮುಗಿದು ಕೇಳಿದರೂ ಒಂದು ಗೆರೆ ಕಮ್ಮಿ ಬರೆಯದವನು. ಅದರ ಮುಂದಿನ ವಾರ ತೊಂಬತ್ತೆಂಟಿತ್ತು, ತೊಂಬತ್ಮೂರೂವರೆ ಬರೆದೆ. ಆಮೇಲೆ ನೂರಾಯಿತು, ನೂರು ದಾಟಿತು. ಪುಸ್ತಕದಲ್ಲಿ ಮಾತ್ರ ತೊಂಬತ್ನಾಲ್ಕರ ಹತ್ತಿರ ಕೂದಲು ನಿಂತುಬಿಟ್ಟಿತು. ಯಾಕೋ ಬೆಳೆಯುತ್ತಿಲ್ಲ, ಪೆಟ್ಟು ಬಿದ್ದ ತಲೆಯಲ್ಲವೇ, ನಿಧಾನ ಎಂದೆ. ಅವಳು ಹೂಂ ಎನ್ನುತ್ತಿದ್ದಳು. ಅವಳವ್ವ ಗಾಬರಿಯಾಗಿ ಎಣ್ಣೆಗೆ ಕರಿಬೇವು ಹಾಕಿ ಕುದಿಸಿದಳು.

ಸುಳ್ಳು ಶುರುವಾದ ಐದನೆಯ ಭಾನುವಾರ ನಾನು ಬಗ್ಗಿ ಓದಿ, ‘ತೊಂಬತ್ನಾಕೂವರೆ’ ಎಂದೆ. ಅವಳು ತಲೆ ತಿರುಗಿಸದೆ ಕೈ ಹಿಂದೆ ಚಾಚಿ ಸ್ಕೇಲು ತೆಗೆದುಕೊಂಡಳು. ಮಡಿಲಿನಲ್ಲಿ ಸಣ್ಣ ಕನ್ನಡಿ ಇತ್ತು, ಎಷ್ಟು ವಾರದಿಂದ ಇತ್ತೋ. ಸ್ಕೇಲನ್ನು ತನ್ನ ನೆತ್ತಿಗಿಟ್ಟು, ಒಂದು ಎಳೆಯನ್ನು ಎಳೆದು ಹಿಡಿದು, ಉಗುರಿನಿಂದ ಗುರುತು ಒತ್ತಿ ನನ್ನ ಕಣ್ಣಿನ ಮಟ್ಟಕ್ಕೆ ಎತ್ತಿದಳು. ನಾನು ಹೇಳಿಕೊಟ್ಟ ಹಾಗೆಯೇ.

‘ಓದಪ್ಪಾ.’

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

‘ಅವತ್ತು ಡಬ್ಬಕ್ಕೆ ನೀರು ಆಕಿದ್ದಕ್ಕೆ ನಂಗೆ ಒಡ್ದೆ. ನಿನ್ ಮುಖ ನೋಡಕಾಗ್ದೆ ಆಕಿದ್ದು ನಾನು’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ‘ಈಗ ನಾನೇನ್ ಮಾಡ್ಲಿ, ನೀನೇ ಹೇಳು.’

ನಾನು ಅವಳ ಎದುರು ನೆಲದ ಮೇಲೆ ಕೂತುಬಿಟ್ಟೆ. ಹೋಗಬೇಡ ಎನ್ನಲು ನನ್ನ ಹತ್ತಿರ ಯಾವ ಅಂಕಿಯೂ ಇರಲಿಲ್ಲ. ಹೋಗು ಎನ್ನಲೂ ಇರಲಿಲ್ಲ. ಅವಳು ಆರು ವರ್ಷದವಳಾಗಿದ್ದಾಗ ಅತ್ತ ಹಾಗೆ ನಾನು ಅತ್ತೆ, ಅವಳು ನನ್ನ ಕೆನ್ನೆ ಒರೆಸಿದಳು. ಆಮೇಲೆ ಪುಸ್ತಕ ತಂದು ಮುಂದಿಟ್ಟಳು. ಕೊನೆಯ ನಾಲ್ಕು ಅಂಕಿಗಳ ಮೇಲೆ ಗೆರೆ ಎಳೆದು, ಅವುಗಳ ಕೆಳಗೆ ನೂರ ಏಳು ಎಂದು ಬರೆದು ಸಹಿ ಹಾಕಿದೆ.

ಮುಂದಿನ ಭಾನುವಾರ ಅವಳು ಹೊರಟಳು. ಅವಳವ್ವ ನಗುತ್ತಲೇ ಕಳಿಸಿಕೊಟ್ಟಳು. ಬಸ್ ಸ್ಟ್ಯಾಂಡಿನಿಂದ ನಾನು ನೇರ ಕಚೇರಿಗೆ ಹೋಗಿ ಡಬ್ಬ ತೆಗೆದು ನೋಡಿ ಸೊನ್ನೆ ಬರೆದೆ. ತಲೆ ಎತ್ತಿ ನೋಡಿದೆ, ಒಂದು ತುಂಡು ಮೋಡವೂ ಇರಲಿಲ್ಲ.